ಬ್ರೊಕೊಲಿ ಗಿಡ ಎಷ್ಟು ದೂರಕ್ಕೆ ಹಾಕ್ಬೇಕು?

ಪ್ರಶ್ನೆ: ನಮ್ದು ದಾವಣಗೆರೆ, ಮನೆ ಹಿಂದೆ 10 ಅಡಿ ಉದ್ದ 4 ಅಡಿ ಅಗಲದ ಮಡಿ ಇದೆ ಅಷ್ಟೇ. ಟ್ರೇನಲ್ಲಿ 20 ಬ್ರೊಕೊಲಿ ಸಸಿ ಎದ್ದಿವೆ, ಒಂದೊಂದಡಿಗೆ ನೆಟ್ರೆ ಎಲ್ಲಾ ಹಿಡೀತವೆ, ಯಾವ್ದನ್ನೂ ಬಿಸಾಕೋಕೆ ಮನಸಿಲ್ಲ. ನಡೀತದಾ?

ಉತ್ತರ: ಒಂದಡಿ ಸಾಲಲ್ಲ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ಸಾಲಿಂದ ಸಾಲಿಗೆ 2 ಅಡಿ ಬಿಡಿ, ಎರಡು ಸಾಲಲ್ಲಿ 12 ಗಿಡ ಆರಾಮಾಗಿ ಬರ್ತವೆ. ಈಗ ಖಾಲಿ ಖಾಲಿ ಕಾಣುತ್ತೆ, ಆಮೇಲೆ ಎಲೆ ಹರಡಿದಾಗ ಗೊತ್ತಾಗುತ್ತೆ. ಮಧ್ಯದ ಜಾಗಕ್ಕೆ ಮೆಂತ್ಯ ಚೆಲ್ಲಿ, ಒಂದು ತಿಂಗಳಲ್ಲಿ ಕಿತ್ಕೋಬಹುದು. ಉಳಿದ ಸಸಿ ಅಕ್ಕಪಕ್ಕದವ್ರಿಗೆ ಕೊಡಿ, ಖುಷಿ ಪಡ್ತಾರೆ.

ಉತ್ತರ: ಚಿತ್ರದುರ್ಗದಿಂದ ಬರೀತಿದೀನಿ. ಹೋದ್ವರ್ಷ ನಾನೂ ಒಂದಡಿಗೇ ಹಾಕಿದ್ದೆ, ಹೂ ಬಂತು ಆದ್ರೆ ಮುಷ್ಟಿಯಷ್ಟೇ, ಜೊತೆಗೆ ಎಲೆ ಒತ್ತಾಗಿ ಗಾಳಿನೇ ಆಡ್ದೆ ಹುಳ ಎಲ್ಲಿದೆ ಅಂತ ಹುಡುಕೋದೇ ಕಷ್ಟ ಆಯ್ತು. ಎಲೆ ಅಡಿ ದಿನಾ ನೋಡಿ, ಬೇವಿನೆಣ್ಣೆ ಹೊಡೀರಿ. ನಮ್ ಕಡೆ ಫೆಬ್ರವರಿ ಬಿಸಿಲಿಗೆ ಹೂ ಬಿಚ್ಕೊಂಡು ಹಳದಿ ಆಗುತ್ತೆ, ಅದಕ್ಕೆ ನಾಟಿ ಲೇಟ್ ಮಾಡ್ಬೇಡಿ. ನಡುವಿನ ದೊಡ್ಡ ಹೂ ಕೊಯ್ದ ಮೇಲೆ ಗಿಡ ಕೀಳ್ಬೇಡಿ, ಪಕ್ಕದಲ್ಲಿ ಸಣ್ಣ ಸಣ್ಣ ಹೂ ಬರ್ತಾನೇ ಇರ್ತವೆ.

ಪ್ರಶ್ನೆ ಕೇಳಿದವರು: ಸರಿ, 12 ನೆಡ್ತೀನಿ. ಮೆಂತ್ಯ ಬೀಜ ಮನೇಲೇ ಇದೆ, ಇವತ್ತು ಸಂಜೆನೇ ಶುರು.