ಹವ್ಯಾಸಿ ಛಾಯಾಗ್ರಾಹಕರಿಗೆ ಉಚಿತ ಅಥವಾ ಕಡಿಮೆ ಬೆಲೆಯ ಫೋಟೊ ಎಡಿಟಿಂಗ್ ತಂತ್ರಾಂಶ ಯಾವುದು?

ತುಂಗಾತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಮಳೆಗಾಲದಲ್ಲಿ ಶಿವಮೊಗ್ಗ ಜಿಲ್ಲೆಯ ಮಂಡಗದ್ದೆಗೆ ಬಂದು ಗೂಡು ಕಟ್ಟುವ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಚಿತ್ರ ತೆಗೆಯುವುದು ನನ್ನ ಹವ್ಯಾಸ. ಕ್ಯಾಮೆರಾ ನಿಕಾನ್ ಡಿ5600. ಇಷ್ಟು ಕಾಲ ಜೆಪೆಗ್ ಕಡತಗಳಲ್ಲೇ ತೃಪ್ತನಾಗಿದ್ದವನು ಈಚೆಗೆ ರಾ ಕಡತಗಳನ್ನೂ (ಕ್ಯಾಮೆರಾ ಸೆರೆಹಿಡಿದ, ಇನ್ನೂ ಸಂಸ್ಕರಿಸದ ಮೂಲ ಕಡತಗಳು) ಉಳಿಸಿಕೊಳ್ಳುತ್ತಿದ್ದೇನೆ. ನನಗೆ ಆಗಬೇಕಾದ ಕೆಲಸ ಇಷ್ಟೇ: ರಾ ಕಡತಗಳ ಬೆಳಕು ಸರಿಪಡಿಸಬೇಕು, ಹಕ್ಕಿಗೆ ಅಡ್ಡ ಬಂದ ಕಡ್ಡಿ-ಕೊಂಬೆಗಳನ್ನು ತೆಗೆಯಬೇಕು, ಚಿತ್ರದ ಕೆಳಗೆ ಹಕ್ಕಿಯ ಹೆಸರನ್ನು ಕನ್ನಡದಲ್ಲಿ ಬರೆದು 12x18 ಇಂಚಿನಲ್ಲಿ ಮುದ್ರಿಸಬೇಕು. ಲ್ಯಾಪ್‌ಟಾಪ್ ವಿಂಡೋಸ್‌ನದು, 8 ಜಿಬಿ ರ್‍ಯಾಮ್ ಇದೆ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ತಿಂಗಳು ತಿಂಗಳು ಚಂದಾ ಕಟ್ಟುವ ತಂತ್ರಾಂಶ ನನಗೆ ಬೇಡ, ಕದ್ದ ಪ್ರತಿಯಂತೂ ಬೇಡವೇ ಬೇಡ. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಕತ್ತಲೆಕೋಣೆ:

ತುಂಗಾತೀರ ಅವರೇ, ಇವೆಲ್ಲವನ್ನೂ ಒಂದೇ ತಂತ್ರಾಂಶದಿಂದ ಮಾಡಿಸಲು ಹೊರಟರೆ ಉಚಿತ ತಂತ್ರಾಂಶಗಳ ಬಗ್ಗೆ ಬೇಸರವೇ ಮೂಡುತ್ತದೆ, ಏಕೆಂದರೆ ರಾ ಕಡತವನ್ನು ಸಂಸ್ಕರಿಸುವುದು ಒಂದು ಬಗೆಯ ಕೆಲಸ, ಚಿತ್ರದೊಳಗಿನ ಕೊಂಬೆ ಅಳಿಸಿ ಅಕ್ಷರ ಕೂರಿಸುವುದು ಬೇರೆಯದೇ ಕೆಲಸ. ಮೊದಲನೆಯದಕ್ಕೆ ಡಾರ್ಕ್‌ಟೇಬಲ್ ಅಥವಾ ರಾಥೆರಪಿ, ಎರಡನೆಯದಕ್ಕೆ ಗಿಂಪ್ ಇಟ್ಟುಕೊಳ್ಳಿ. ಈ ಮೂರೂ ಪೂರ್ತಿ ಉಚಿತ. 1996ರಿಂದ ಬಳಕೆಯಲ್ಲಿರುವ ಗಿಂಪ್‌ಗೆ ರಾ ಕಡತವನ್ನು ತಾನಾಗಿ ತೆರೆಯಲು ಬರುವುದಿಲ್ಲ. ಉಳಿದೆರಡರಲ್ಲಿ ಒಂದು ಕಂಪ್ಯೂಟರಿನಲ್ಲಿದ್ದರೆ ಕಡತವನ್ನು ಅದಕ್ಕೆ ಒಪ್ಪಿಸಿ, ಸಂಸ್ಕರಿಸಿದ ಚಿತ್ರವನ್ನು ಅಲ್ಲಿಂದ ಪಡೆಯುತ್ತದೆ.

ರಾ ಕಡತದ ಬೆಲೆ ಏನೆಂಬುದು ಬೆಳ್ಳಕ್ಕಿಯ ಚಿತ್ರದಲ್ಲೇ ಗೊತ್ತಾಗುತ್ತದೆ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೂ ಸಿಗುವುದು 256 ಹಂತಗಳು. ನಿಮ್ಮ ಕ್ಯಾಮೆರಾದ 14 ಬಿಟ್ ರಾ ಕಡತದಲ್ಲಿ 16,384 ಹಂತಗಳಿರುತ್ತವೆ. ಜೆಪೆಗ್‌ನಲ್ಲಿ ಬರೀ ಬಿಳಿಯ ಮುದ್ದೆಯಾಗಿ ಕಾಣುವ ರೆಕ್ಕೆಯ ಮೇಲೆ, ರಾ ಕಡತದಲ್ಲಿ ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ) ತುಸು ಇಳಿಸಿದೊಡನೆ ಒಂದೊಂದು ಗರಿಯ ಅಂಚೂ ತೆಳುವಾದ ಬೂದು ಗೆರೆಯಾಗಿ ಎದ್ದು ಬರುತ್ತದೆ. ಆದರೆ ಕ್ಯಾಮೆರಾದ ಸೆನ್ಸರಿನಲ್ಲೇ ಬೆಳಕು ಮಿತಿಮೀರಿ ದಾಖಲಾಗಿದ್ದರೆ ಯಾವ ತಂತ್ರಾಂಶವೂ ಆ ಗರಿಗಳನ್ನು ಹುಟ್ಟಿಸಲಾರದು. ಹಾಗಾಗಿ ಬಿಳಿ ಹಕ್ಕಿಗಳ ಚಿತ್ರವನ್ನು ತುಸು ಕಪ್ಪಾಗಿಯೇ ತೆಗೆಯುವುದು ಲೇಸು.

ಮಳೆಗಾಲದ ಮಂಕು ಬೆಳಕಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿಸಿದಾಗ ಬರುವ ನಾಯ್ಸ್ (ಚಿತ್ರದ ಮೇಲಿನ ಕಾಳುಕಾಳಾದ ಚುಕ್ಕೆಗಳು) ತೆಗೆಯಲು ಡಾರ್ಕ್‌ಟೇಬಲ್‌ನಲ್ಲಿ ಆಯಾ ಕ್ಯಾಮೆರಾಗೆ, ಆಯಾ ಐಎಸ್‌ಒಗೆ ಹೊಂದಿಸಿಟ್ಟ ಪ್ರೊಫೈಲುಗಳಿವೆ. ಮೂಲ ಕಡತವನ್ನು ಅದು ಮುಟ್ಟುವುದೇ ಇಲ್ಲ. ಮಾಡಿದ ಬದಲಾವಣೆಗಳನ್ನೆಲ್ಲ ಪಕ್ಕದಲ್ಲಿ ಪುಟ್ಟ ಎಕ್ಸ್‌ಎಂಪಿ ಕಡತವೊಂದರಲ್ಲಿ ಬರೆದಿಡುತ್ತದೆ. ಚಿತ್ರಗಳ ಬ್ಯಾಕಪ್ ತೆಗೆಯುವಾಗ ಅದನ್ನೂ ಸೇರಿಸಿಕೊಳ್ಳಿ.

ತುಂಗಾತೀರ:

ಧನ್ಯವಾದಗಳು ಸರ್. ಡಾರ್ಕ್‌ಟೇಬಲ್ ಹಾಕಿ ನೋಡಿದೆ. ಗರಿಗಳ ವಿಷಯದಲ್ಲಿ ನೀವು ಹೇಳಿದ್ದು ಕಣ್ಣೆದುರೇ ಕಂಡಿತು, ಆದರೆ ನಾಯ್ಸ್ ತೆಗೆಯಲು ಹೊರಟರೆ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಅದರಲ್ಲಿರುವ ಮಾಡ್ಯೂಲುಗಳ ಪಟ್ಟಿಯನ್ನು ನೋಡಿದರೇ ಎದೆಗುಂದುವಂತಿದೆ. ಇದಕ್ಕಿಂತ ಸರಳವಾದದ್ದು ಇಲ್ಲವೇ?

ಹಳೇ ಲೆನ್ಸು:

ಇದೆ. ಕ್ಯಾಮೆರಾ ಕಂಪನಿಯವರೇ ಉಚಿತವಾಗಿ ಕೊಡುವ ತಂತ್ರಾಂಶವನ್ನು ನಮ್ಮವರು ಏಕೆ ಮರೆಯುತ್ತಾರೋ ತಿಳಿಯದು. ನಿಕಾನ್‌ನವರದು ಎನ್ಎಕ್ಸ್ ಸ್ಟುಡಿಯೋ, ಕ್ಯಾನನ್‌ನವರದು ಡಿಜಿಟಲ್ ಫೋಟೊ ಪ್ರೊಫೆಷನಲ್. ಕ್ಯಾಮೆರಾದ ಪರದೆಯ ಮೇಲೆ ನೀವು ನೋಡಿ ಮೆಚ್ಚಿದ ಬಣ್ಣವೇ ಎನ್ಎಕ್ಸ್ ಸ್ಟುಡಿಯೋದಲ್ಲಿ ಮೊದಲಿಗೆ ಕಾಣುತ್ತದೆ. ಡಾರ್ಕ್‌ಟೇಬಲ್ ತೆರೆದೊಡನೆ ‘ನನ್ನ ಚಿತ್ರ ಇಷ್ಟು ಸಪ್ಪೆಯೇ’ ಎಂದು ಹೊಸಬರು ಗಾಬರಿಯಾಗುವ ಪ್ರಮೇಯ ಇಲ್ಲಿ ಬರುವುದಿಲ್ಲ. ಡಾರ್ಕ್‌ಟೇಬಲ್ ಭಾರದ ಲೆಕ್ಕಗಳನ್ನು ಗ್ರಾಫಿಕ್ಸ್ ಕಾರ್ಡಿಗೆ ವಹಿಸಿ ವೇಗ ಪಡೆಯುವ ತಂತ್ರಾಂಶವಾದ್ದರಿಂದ, ಆ ಕಾರ್ಡ್ ಇಲ್ಲದ ನಿಮ್ಮ ಯಂತ್ರದಲ್ಲಿ ನಿಧಾನವಾಗುವುದು ಸಹಜವೇ.

ಒಂದೇ ತಂತ್ರಾಂಶ ಬೇಕೆಂದರೆ ಅಫಿನಿಟಿಯನ್ನೂ ನೋಡಬಹುದು. ಒಮ್ಮೆ ಹಣ ಕೊಟ್ಟು ಕೊಳ್ಳಬೇಕಿದ್ದ ಅದನ್ನು ಕ್ಯಾನ್ವಾ ಕಂಪನಿ 2024ರಲ್ಲಿ ಕೊಂಡು, 2025ರ ಅಕ್ಟೋಬರ್‌ನಿಂದ ಉಚಿತವಾಗಿ ನೀಡುತ್ತಿದೆ. ಆದರೆ ಅದಕ್ಕೆ ಕ್ಯಾನ್ವಾ ಖಾತೆ ಬೇಕು. ಇಂದು ಉಚಿತವಾಗಿರುವುದು ನಾಳೆಯೂ ಹಾಗೆಯೇ ಇರುತ್ತದೆ ಎಂಬ ಭರವಸೆ ಗಿಂಪ್‌ನಂತಹ ಮುಕ್ತ ತಂತ್ರಾಂಶದ ಮೇಲೆ ಇಡುವಷ್ಟು ಕಂಪನಿಯ ತಂತ್ರಾಂಶದ ಮೇಲೆ ಇಡಲಾಗದು ಎಂಬುದು ನನ್ನ ಅಭಿಪ್ರಾಯ.

ಅಕ್ಷರಮಾಲೆ:

ಕನ್ನಡ ಬರೆಯುವ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಈ ಮಾತು. ಕೆಲವು ತಂತ್ರಾಂಶಗಳಲ್ಲಿ ಒತ್ತಕ್ಷರಗಳು ಕೆಳಗೆ ಕೂರದೆ ಪಕ್ಕಕ್ಕೆ ಜಾರುತ್ತವೆ, ಅರ್ಕಾವತ್ತು ಎಲ್ಲೋ ಹೋಗಿ ನಿಲ್ಲುತ್ತದೆ. ಗಿಂಪ್‌ನಲ್ಲಿ ಯೂನಿಕೋಡ್ ಫಾಂಟ್ ಬಳಸಿದರೆ ಈ ತೊಂದರೆ ಇರುವುದಿಲ್ಲ. ನೋಟೊ ಸೆರಿಫ್ ಕನ್ನಡ, ಬಾಲೂ ತಮ್ಮ, ಗುಬ್ಬಿ, ನವಿಲು ಇವೆಲ್ಲ ಉಚಿತವಾಗಿ ಸಿಗುವ ಫಾಂಟುಗಳೇ. ಹಿಂದೆ ನುಡಿ ಅಥವಾ ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪಿಸಿಟ್ಟ ಹೆಸರುಗಳಿದ್ದರೆ ಅವನ್ನು ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ, ಇಲ್ಲವಾದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಬರುತ್ತದೆ. ಯಾವುದೇ ಹೊಸ ತಂತ್ರಾಂಶದಲ್ಲಿ ಮೊದಲು ‘ಸ್ವಾತಂತ್ರ್ಯ’, ‘ಕೀರ್ತಿ’ ಎಂದು ಬರೆದು ನೋಡಿದರೆ ಸಾಕು, ಅದರ ಯೋಗ್ಯತೆ ತಿಳಿಯುತ್ತದೆ.

ಕತ್ತಲೆಕೋಣೆ:

ಅಕ್ಷರಮಾಲೆ ಅವರು ಹೇಳಿದ್ದಕ್ಕೆ ಮುದ್ರಣದ ವಿಷಯ ಸೇರಿಸುತ್ತೇನೆ. ನಿಮ್ಮ ಕ್ಯಾಮೆರಾದ ಪೂರ್ಣ ಚಿತ್ರ 6000x4000 ಪಿಕ್ಸೆಲ್ ಇರುವುದರಿಂದ 12x18 ಇಂಚಿನ ಮುದ್ರಣದಲ್ಲಿ ಪ್ರತಿ ಇಂಚಿಗೆ 333 ಪಿಕ್ಸೆಲ್ ಸಿಗುತ್ತವೆ, ಅದು ಧಾರಾಳವಾಯಿತು. ದೂರದ ಹಾವಕ್ಕಿಯನ್ನು ದೊಡ್ಡದಾಗಿಸಲು ಉದ್ದಗಲಗಳನ್ನು ಅರ್ಧಕ್ಕೆ ಕತ್ತರಿಸಿದರೆ ಅದು 166ಕ್ಕೆ ಇಳಿಯುತ್ತದೆ. ಅಂಥ ಚಿತ್ರವನ್ನು 8x12ರಲ್ಲಿ ಮುದ್ರಿಸುವುದೇ ಒಳ್ಳೆಯದು. ಗಿಂಪ್‌ನಲ್ಲಿ ‘ಸೇವ್’ ಒತ್ತಿದರೆ ಗಿಂಪ್‌ನದೇ ಆದ ಎಕ್ಸ್‌ಸಿಎಫ್ ಕಡತ ಮಾತ್ರ ಸಿಗುತ್ತದೆ, ಲ್ಯಾಬಿಗೆ ಕೊಡಬೇಕಾದ ಜೆಪೆಗ್‌ಗೆ ‘ಎಕ್ಸ್‌ಪೋರ್ಟ್’ ಮಾಡಬೇಕು. ಲ್ಯಾಬಿನವರು ಬೇರೇನನ್ನೂ ಸೂಚಿಸದಿದ್ದರೆ ಬಣ್ಣದ ಪ್ರೊಫೈಲನ್ನು ಸಾಮಾನ್ಯ ಬಳಕೆಯ ಎಸ್‌ಆರ್‌ಜಿಬಿಯಲ್ಲೇ ಇಡಿ.