ಎಡಿಟರಿನ ಸೋರ್ಸ್ ಕೋಡಿನಲ್ಲಿ ಕಂಟ್ರೋಲ್-ಎಕ್ಸ್ ಎಲ್ಲಿ ಕುಳಿತಿದೆ?

ಪ್ರಶ್ನೆ (ವಿದ್ಯಾರ್ಥಿನಿ, ಕಲಬುರಗಿ):

ಎಲ್ಲರಿಗೂ ಶರಣು. ಈ ರಜೆಯಲ್ಲಿ ‘ಕಿಲೋ’ ಎಂಬ ಪುಟ್ಟ ಎಡಿಟರಿನ (ಪಠ್ಯ ಬರೆದು ತಿದ್ದುವ ಪ್ರೋಗ್ರಾಮಿನ) ಕೋಡನ್ನು ಓದಿ ಮುಗಿಸಿದೆ. ಸಿ ಭಾಷೆಯ ಸುಮಾರು 1000 ಸಾಲುಗಳ ಆ ಪ್ರೋಗ್ರಾಮಿನಲ್ಲಿ ಯಾವ ಕೀ ಒತ್ತಿದರೆ ಏನಾಗಬೇಕೆಂಬುದೆಲ್ಲ ಒಂದೇ ಸ್ವಿಚ್‌ನೊಳಗಿದೆ (ಬಂದ ಸಂಖ್ಯೆಯನ್ನು ನೋಡಿ ಮುಂದಿನ ಕೆಲಸ ಆರಿಸುವ ಹೇಳಿಕೆ): ಕೀಯ ಸಂಖ್ಯೆ 19 ಬಂದರೆ ಕಂಟ್ರೋಲ್-ಎಸ್, ಫೈಲ್ ಉಳಿಸು, 17 ಬಂದರೆ ಕಂಟ್ರೋಲ್-ಕ್ಯೂ, ಹೊರಗೆ ಹೋಗು. ಅದೇ ಧೈರ್ಯದಲ್ಲಿ ಇಮ್ಯಾಕ್ಸ್ ಎಂಬ ದೊಡ್ಡ ಎಡಿಟರಿನ ಕೋಡಿಗೆ ಕೈಹಾಕಿದರೆ ಅಂಥ ಸ್ವಿಚ್ ಎಲ್ಲಿಯೂ ಸಿಗಲಿಲ್ಲ. ಕಂಟ್ರೋಲ್-ಎಕ್ಸ್ ಒತ್ತಿದ ಮೇಲೆ ಅದು ಮುಂದಿನ ಕೀಗಾಗಿ ಕಾಯುವ ನಿರ್ಧಾರ ಕೋಡಿನ ಯಾವ ಭಾಗದಲ್ಲಿ ಆಗುತ್ತದೆ?

ಇನ್ನೊಂದು ತೊಂದರೆಯೂ ಇದೆ. ಲಿನಕ್ಸ್‌ನಲ್ಲಿ ಕೀಬೋರ್ಡನ್ನು ಕನ್ನಡ ಇನ್‌ಸ್ಕ್ರಿಪ್ಟ್ ಎಂಬ ಕೀಲಿವಿನ್ಯಾಸಕ್ಕೆ ಬದಲಿಸಿಕೊಂಡು ಬರೆಯುತ್ತಿರುವಾಗ ಇಮ್ಯಾಕ್ಸ್‌ನ ಈ ಕಂಟ್ರೋಲ್ ಆಜ್ಞೆಗಳು ಒಂದೂ ನಡೆಯುವುದಿಲ್ಲ. ಎರಡಕ್ಕೂ ಸಂಬಂಧವಿದೆಯೇ?

ಉತ್ತರ 1 (ಬೀದರ್):

ಸಂಬಂಧವಿದೆ. ಆದರೆ ಮೊದಲ ಪ್ರಶ್ನೆಯನ್ನು ಮೊದಲು ಬಿಡಿಸೋಣ.

ಕಿಲೋದಲ್ಲಿ ಕೀಗಳ ಅರ್ಥವು ಕೋಡಿನೊಳಗೆ ಬೆರೆತುಹೋಗಿದೆ. ಇಮ್ಯಾಕ್ಸ್‌ನಲ್ಲಿ ಅದು ಓಡುತ್ತಿರುವಾಗಲೂ ತಿದ್ದಬಹುದಾದ ಕೋಷ್ಟಕದಲ್ಲಿದೆ. ಆ ಕೋಷ್ಟಕಕ್ಕೆ ಕೀಮ್ಯಾಪ್ ಎನ್ನುತ್ತಾರೆ. ಕೀಮ್ಯಾಪ್‌ನಲ್ಲಿ ಒಂದು ಕೀಯ ಎದುರಿಗೆ ಆಜ್ಞೆಯ ಹೆಸರಿರಬಹುದು, ಇಲ್ಲವೇ ಮತ್ತೊಂದು ಕೀಮ್ಯಾಪ್ ಇರಬಹುದು. ಕಂಟ್ರೋಲ್-ಎಕ್ಸ್‌ನ ಎದುರಿಗಿರುವುದು ಮತ್ತೊಂದು ಕೀಮ್ಯಾಪ್. ಕಾಯಬೇಕೆಂಬ ನಿರ್ಧಾರ ಹುಟ್ಟುವುದು ಅಲ್ಲಿಯೇ, ಅದಕ್ಕೆಂದು ಬೇರೆ ಷರತ್ತು ಬರೆದಿಲ್ಲ. ಕಲಬುರಗಿ ಬಿಟ್ಟ ಗಾಡಿ ವಾಡಿ ಜಂಕ್ಷನ್ ತಲುಪುವವರೆಗೆ ಅದು ಯಾದಗಿರಿಯ ಕಡೆಗೋ ಸೇಡಂ ಕಡೆಗೋ ಎಂದು ಹಳಿ ನೋಡಿ ಹೇಳಲಾಗುವುದಿಲ್ಲ. ಇಲ್ಲಿಯೂ ಮುಂದಿನ ಕೀ ಬಂದ ಮೇಲೆಯೇ ದಾರಿ ಗೊತ್ತಾಗುತ್ತದೆ.

ಈ ಹುಡುಕಾಟವನ್ನು ನಡೆಸುವ ಸಿ ಕೋಡು ಎರಡು ಫೈಲುಗಳಲ್ಲಿದೆ. ಕೀಬೋರ್ಡ್ ಡಾಟ್ ಸಿ ಫೈಲಿನ ‘ರೀಡ್ ಕೀ ಸೀಕ್ವೆನ್ಸ್’ ಎಂಬ ಫಂಕ್ಷನ್ ಕೀಗಳನ್ನು ಒಂದೊಂದಾಗಿ ಕೂಡಿಸುತ್ತ ಹೋಗುತ್ತದೆ. ಕೋಷ್ಟಕದಲ್ಲಿ ಹುಡುಕುವ ಕೆಲಸ ಕೀಮ್ಯಾಪ್ ಡಾಟ್ ಸಿ ಫೈಲಿನದು. ‘ಕಂಟ್ರೋಲ್-ಎಕ್ಸ್ ಕಂಟ್ರೋಲ್-ಎಫ್ ಎಂದರೆ ಫೈಲ್ ತೆರೆ’ ಎಂಬ ಸಾಲು ಮಾತ್ರ ಸಿ ಫೈಲುಗಳಲ್ಲಿ ಇಲ್ಲ, ಲಿಸ್ಪ್ ಭಾಷೆಯ ಫೈಲ್ಸ್ ಡಾಟ್ ಇಎಲ್ ಎಂಬಲ್ಲಿದೆ. ನೀವು ಸಿ ಕೋಡಿನಲ್ಲಷ್ಟೇ ಹುಡುಕಿರಬೇಕು.

ಒಂದೇ ಕೀಗೆ ಹಲವು ಕೋಷ್ಟಕಗಳಲ್ಲಿ ಅರ್ಥವಿದ್ದರೆ ಸಾಮಾನ್ಯವಾಗಿ ಮೈನರ್ ಮೋಡ್‌ನದನ್ನು (ಬೇಕೆಂದಾಗ ಸೇರಿಸಿಕೊಳ್ಳುವ ಸೌಲಭ್ಯದ್ದನ್ನು) ಮೊದಲು, ಆಮೇಲೆ ಆ ಬಫರಿನದನ್ನು (ತೆರೆದಿಟ್ಟ ಪಠ್ಯದ್ದನ್ನು), ಕೊನೆಗೆ ಎಲ್ಲಕ್ಕೂ ಸೇರಿದ ಗ್ಲೋಬಲ್ ಕೋಷ್ಟಕವನ್ನು ನೋಡಲಾಗುತ್ತದೆ. ಫೈಲುಗಳ ಪಟ್ಟಿ ತೋರಿಸುವ ಬಫರಿನಲ್ಲಿ ‘ಡಿ’ ಒತ್ತಿದರೆ ಅಕ್ಷರ ಮೂಡದೆ, ಫೈಲಿಗೆ ಅಳಿಸಬೇಕೆಂಬ ಗುರುತು ಬೀಳುವುದು ಇದರಿಂದಲೇ. ನನಗೆ ಬಹಳ ಹಿಡಿಸಿದ ಸಂಗತಿಯೆಂದರೆ, ಬರಿಯ ಅಕ್ಷರ ಟೈಪಿಸುವುದೂ ಅಲ್ಲಿ ಒಂದು ಆಜ್ಞೆಯೇ. ಗ್ಲೋಬಲ್ ಕೋಷ್ಟಕದಲ್ಲಿ ‘ಎ’ ಕೀಯ ಎದುರಿಗೂ ‘ಸೆಲ್ಫ್ ಇನ್ಸರ್ಟ್ ಕಮಾಂಡ್’ ಎಂದು ಬರೆದಿದೆ.

ಉತ್ತರ 2 (ಯಾದಗಿರಿ):

ಬೀದರಿನ ಸರ್ ಹೇಳಿದ್ದು ಸರಿ. ಆದರೆ ಕೋಷ್ಟಕವನ್ನು ಎಷ್ಟು ಚೆನ್ನಾಗಿ ಕಟ್ಟಿದರೂ ಅದಕ್ಕೆ ತಲುಪುವ ಸಂಖ್ಯೆಯೇ ಬೇರೆಯಾದರೆ ಉಪಯೋಗವಿಲ್ಲ. ಟರ್ಮಿನಲ್‌ನಲ್ಲಿ (ಬರಿಯ ಅಕ್ಷರಗಳಲ್ಲಿ ಆಜ್ಞೆ ಕೊಡುವ ಪರದೆಯಲ್ಲಿ) ರೂಢಿಯಂತೆ ಕಂಟ್ರೋಲ್-ಐ ಮತ್ತು ಟ್ಯಾಬ್ ಎರಡೂ 9 ಎಂದೇ ಬರುತ್ತವೆ. ಕಂಟ್ರೋಲ್-ಎಂ ಮತ್ತು ಎಂಟರ್ ಎರಡೂ 13. ಮೇಲಿನ ಬಾಣದ ಕೀ ಒತ್ತಿದರೆ 27, 91, 65 ಎಂದು ಮೂರು ಬೈಟುಗಳು ಬರುತ್ತವೆ. ಅವುಗಳಲ್ಲಿ ಮೊದಲನೆಯದು ಎಸ್ಕೇಪ್ ಕೀಯದೇ ಸಂಖ್ಯೆ. ಅದು ಎಸ್ಕೇಪೋ ಬಾಣವೋ ಎಂದು ತಿಳಿಯಲು ನೀವು ಓದಿದ ಕಿಲೋ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಯುತ್ತದೆ. ಆ ಸಾಲನ್ನು ಇನ್ನೊಮ್ಮೆ ನೋಡಿರಿ.

ನಿಮ್ಮ ಕನ್ನಡದ ತೊಂದರೆಯೂ ಇದೇ ಜಾತಿಯದು. ಇನ್‌ಸ್ಕ್ರಿಪ್ಟ್‌ನಲ್ಲಿ ಎಕ್ಸ್ ಕೀಯ ಜಾಗದಲ್ಲಿ ಅನುಸ್ವಾರವಿದೆ. ಆದ್ದರಿಂದ ಇಮ್ಯಾಕ್ಸ್‌ಗೆ ತಲುಪುವುದು ಕಂಟ್ರೋಲ್-ಅನುಸ್ವಾರ. ಅಂಥದೊಂದು ಯಾವ ಕೋಷ್ಟಕದಲ್ಲಿಯೂ ಇಲ್ಲ.

ಪ್ರಶ್ನೆ ಕೇಳಿದವರು (ಕಲಬುರಗಿ):

ಇಬ್ಬರಿಗೂ ಧನ್ಯವಾದಗಳು. ಪರೀಕ್ಷಿಸಿ ನೋಡಿದೆ, ಪರದೆಯ ಕೆಳಗೆ ನಿಜವಾಗಿಯೂ ಅನುಸ್ವಾರದ ಹೆಸರಿನಲ್ಲಿಯೇ ದೂರು ಬಂತು. ಹಾಗಿದ್ದರೆ ಒಂದು ಕೀಯನ್ನು ಇನ್ನೊಂದಾಗಿ ಬದಲಿಸುವ ಕೋಷ್ಟಕವಾದ ಕೀ ಟ್ರಾನ್ಸ್‌ಲೇಶನ್ ಮ್ಯಾಪ್‌ನಲ್ಲಿ ಕಂಟ್ರೋಲ್-ಅನುಸ್ವಾರವನ್ನು ಕಂಟ್ರೋಲ್-ಎಕ್ಸ್ ಎಂದು ಬದಲಿಸಿಬಿಟ್ಟರೆ ಸಾಕಲ್ಲವೇ?

ಉತ್ತರ 3 (ಬೀದರ್):

ಅರ್ಧ ದಾರಿಯವರೆಗೆ ಸಾಕು. ಕಂಟ್ರೋಲ್-ಎಸ್‌ಗೂ ಹಾಗೆಯೇ ಒಂದು ಸಾಲು ಬರೆದರೆ ಫೈಲ್ ಉಳಿಸಬಹುದು. ಆದರೆ ಬಫರ್ ಬದಲಿಸಲು ಕಂಟ್ರೋಲ್-ಎಕ್ಸ್ ಆದ ಮೇಲೆ ಬರಿಯ ‘ಬಿ’ ಒತ್ತಬೇಕಲ್ಲ, ಇನ್‌ಸ್ಕ್ರಿಪ್ಟ್‌ನಲ್ಲಿ ಅಲ್ಲಿರುವುದು ‘ವ’. ‘ವ’ವನ್ನು ‘ಬಿ’ ಎಂದು ಬದಲಿಸಿದರೆ ‘ವಚನ’ ಎಂದು ಬರೆಯುವುದಕ್ಕೂ ಆಗದು.

ಅದರ ಬದಲು ವ್ಯವಸ್ಥೆಯ ಕೀಬೋರ್ಡನ್ನು ಇಂಗ್ಲಿಷಿನಲ್ಲಿಯೇ ಬಿಟ್ಟು, ಇಮ್ಯಾಕ್ಸ್‌ನೊಳಗಿನ ‘ಕನ್ನಡ-ಇನ್‌ಸ್ಕ್ರಿಪ್ಟ್’ ಎಂಬ ಇನ್‌ಪುಟ್ ಮೆಥಡ್ (ಇಂಗ್ಲಿಷ್ ಕೀಗಳನ್ನು ಕನ್ನಡ ಅಕ್ಷರಗಳಾಗಿಸುವ ವಿಧಾನ) ಆರಿಸಿಕೊಳ್ಳಿರಿ. ಕಂಟ್ರೋಲ್-ಬ್ಯಾಕ್‌ಸ್ಲ್ಯಾಶ್ ಒತ್ತಿ ಭಾಷೆ ಬದಲಿಸಬಹುದು. ಕೀಬೋರ್ಡ್ ಡಾಟ್ ಸಿ ಫೈಲಿನಲ್ಲಿ ಇನ್‌ಪುಟ್ ಮೆಥಡ್‌ಗೆ ಕೀಯನ್ನು ಒಪ್ಪಿಸುವ ಮುನ್ನ ಒಂದು ಷರತ್ತನ್ನು ಪರೀಕ್ಷಿಸಲಾಗುತ್ತದೆ: ಅದು ಸಾಮಾನ್ಯ ಅಕ್ಷರವಾಗಿರಬೇಕು, ಮತ್ತು ಕೀಸರಣಿಯ ಮೊದಲನೆಯದಾಗಿರಬೇಕು. ಕಂಟ್ರೋಲ್-ಎಕ್ಸ್ ಸಾಮಾನ್ಯ ಅಕ್ಷರವಲ್ಲ. ಅದರ ನಂತರದ ‘ಬಿ’ ಮೊದಲನೆಯದಲ್ಲ. ಎರಡೂ ಕನ್ನಡವಾಗದೆ ನೇರವಾಗಿ ಕೀಮ್ಯಾಪ್‌ಗೆ ಹೋಗುತ್ತವೆ. ನೀವು ಹುಡುಕುತ್ತಿದ್ದಂಥ ‘ಇಫ್’ (ಷರತ್ತಿನ ಸಾಲು) ಒಂದಿದ್ದರೆ ಅದು ಇದೇ.