ಬಾಗಿಲ ಹ್ಯಾಂಡಲ್ ಬದಲಿಸುವವರು ಮೇಸ್ತ್ರಿಗೆ ಕೇಳಿ: ಭಾನುವಾರದ ಪ್ರಶ್ನೋತ್ತರ

ಮೇಸ್ತ್ರಿ, ಬಳ್ಳಾರಿ: ಇವತ್ತು ಕೆಲಸಕ್ಕೆ ರಜೆ. ಬಾಗಿಲ ಹ್ಯಾಂಡಲ್, ಲಾಕ್, ಚಿಲಕ ಏನಿದ್ದರೂ ಕೇಳಿ. ಹೆಸರಿನ ಜಾಗದಲ್ಲಿ ನಿಮ್ಮ ಊರು, ಇಲ್ಲಾಂದ್ರೆ ಏರಿಯಾ ಹಾಕಿ. ನೆಲ ಎಂಥದ್ದು, ಧೂಳು ಎಷ್ಟು ಅಂತ ಅದರಲ್ಲೇ ಅರ್ಧ ಗೊತ್ತಾಗುತ್ತದೆ. ಫೋಟೋ ಹಾಕುವವರು ಬಾಗಿಲ ಅಂಚಿನದ್ದು ಹಾಕಿ. ಎದುರಿನಿಂದ ತೆಗೆದರೆ ಹ್ಯಾಂಡಲ್ ಚೆಂದ ಕಾಣುತ್ತೆ, ಅಷ್ಟೇ.

ಕೌಲ್‌ಬಜಾರ್: ನಮಸ್ಕಾರ ಮೇಸ್ತ್ರಿ. ಬೆಡ್‌ರೂಮಿನ ಹ್ಯಾಂಡಲ್ ಮುರಿದಿದೆ, ಲಾಕ್ ಚೆನ್ನಾಗಿದೆ. ಬರೀ ಹ್ಯಾಂಡಲ್ ತಂದರೆ ಸಾಕಾ? ಆನ್‌ಲೈನಲ್ಲಿ ಒಂದು ನೋಡಿ ಇಟ್ಟಿದ್ದೇನೆ.

ಮೇಸ್ತ್ರಿ: ಸಾಕು. ಆದರೆ ದುಡ್ಡು ಕಟ್ಟುವ ಮುಂಚೆ ಅಳತೆ ತೆಗೆಯಿರಿ. ಹ್ಯಾಂಡಲ್ ಕೂರುವ ಚೌಕ ಕಡ್ಡಿಯ ಮಧ್ಯದಿಂದ ಬೀಗದ ಕೈ ತೂತಿನ ಮಧ್ಯಕ್ಕೆ ಎಷ್ಟಿದೆ? ಈಗಿನ ಸಿಲಿಂಡರ್ ಲಾಕುಗಳಲ್ಲಿ ಸಾಮಾನ್ಯವಾಗಿ 85 ಮಿ.ಮೀ. ಇರುತ್ತದೆ, ಹಳೇ ಲಾಕುಗಳಲ್ಲಿ ಒಂದೊಂದು ಒಂದೊಂದು ಥರ. ಉದ್ದ ಪ್ಲೇಟಿನ ಹ್ಯಾಂಡಲ್ ಆದರೆ ಇದು ಸ್ವಲ್ಪ ತಪ್ಪಿದರೂ ಬೀಗದ ಕೈ ಒಳಗೆ ಹೋಗುವುದಿಲ್ಲ. ಅಳತೆ ಸಿಗದೇ ಇದ್ದರೆ ಗುಂಡು ತಟ್ಟೆಯ ಹ್ಯಾಂಡಲ್ ತನ್ನಿ, ಅದರಲ್ಲಿ ಬೀಗದ ತೂತಿಗೆ ಬೇರೆ ತಟ್ಟೆ ಬರುತ್ತೆ. ಆದರೆ ಹಳೇ ಪ್ಲೇಟಿನ ತೂತು, ಪಾಲಿಶ್ ಇಲ್ಲದ ಗುರುತು ಎಲ್ಲ ಹೊರಗೆ ಕಾಣುತ್ತವೆ, ಅದನ್ನು ತುಂಬಬೇಕು. ಬಾಗಿಲ ದಪ್ಪವನ್ನೂ ನೋಡಿ. ಫ್ಲಶ್ ಡೋರ್ (ಎರಡೂ ಕಡೆ ಚಪ್ಪಟೆ ಇರುವ ಪ್ಲೈ ಬಾಗಿಲು) 30 ಅಥವಾ 35 ಮಿ.ಮೀ. ಇರುತ್ತದೆ, ಮುಂಬಾಗಿಲು ಅದಕ್ಕಿಂತ ದಪ್ಪ, ಕಡ್ಡಿ ಗಿಡ್ಡ ಆದರೆ ಒಂದು ಕಡೆಯ ಹ್ಯಾಂಡಲ್ ಕೈಗೇ ಬರುತ್ತೆ. ಕಡ್ಡಿ 8 ಮಿ.ಮೀ. ಹೌದೋ ಅಲ್ಲವೋ ನೋಡಿಕೊಳ್ಳಿ. ಇಷ್ಟೆಲ್ಲ ತಲೆನೋವು ಬೇಡ ಅಂದ್ರೆ ಹಳೇದನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ.

ಗಂಗಾವತಿ: ಮೇಸ್ತ್ರಿ, ನಮ್ಮ ಬಾಗಿಲಿಗೆ ಯಾವ ಸೈಜ್ ಹ್ಯಾಂಡಲ್ ಬರುತ್ತೆ?

ಮೇಸ್ತ್ರಿ: ಮೇಲೆ ಓದಿ.

ತೋರಣಗಲ್ಲು: ಅಣ್ಣಾ, ಹೊರಬಾಗಿಲ ಹ್ಯಾಂಡಲ್ ಹಾಕಿ ವರ್ಷ ಆಗಿಲ್ಲ, ಮೇಲೆಲ್ಲ ಚುಕ್ಕೆ ಚುಕ್ಕೆ, ಮುಟ್ಟಿದರೆ ಸಿಪ್ಪೆ ಏಳುತ್ತೆ. ಅಂಗಡಿಯವನು ಹಿತ್ತಾಳೆ ಅಂತ ಕೊಟ್ಟಿದ್ದ, ತೂಕಾನೂ ಚೆನ್ನಾಗಿತ್ತು.

ಮೇಸ್ತ್ರಿ: ತೂಕ ನೋಡಿ ಹಿತ್ತಾಳೆ ಅಂದುಕೊಳ್ಳಬೇಡಿ. ಜಿಂಕ್ ಎರಕದ ಹ್ಯಾಂಡಲ್ ಕೂಡ ಕೈಗೆ ಗಟ್ಟಿಯಾಗೇ ಸಿಗುತ್ತೆ. ಹ್ಯಾಂಡಲ್ ಬಿಚ್ಚಿ, ಬಾಗಿಲಿಗೆ ಅಂಟಿಕೊಂಡಿರುವ ಒಳಬದಿಯಲ್ಲಿ ಮೊಳೆಯಿಂದ ಒಂದು ಗೀರು ಹಾಕಿ. ಹಳದಿ ಕಂಡರೆ ಹಿತ್ತಾಳೆ, ಬೂದು ಕಂಡರೆ ಜಿಂಕ್ ಮೇಲೆ ಪಾಲಿಶ್. ನಿಮ್ಮ ಕಡೆ ಗಾಳಿಯಲ್ಲಿ ಧೂಳು ಬೇರೆ. ಒಣ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಒರೆಸಿದರೆ ಆ ಧೂಳೇ ಉಪ್ಪುಕಾಗದದ ಕೆಲಸ ಮಾಡುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆ. ಹೊರಬಾಗಿಲಿಗೆ 304 ಸ್ಟೀಲ್, ಅಂದ್ರೆ ಬೇಗ ತುಕ್ಕು ಹಿಡಿಯದ ದರ್ಜೆಯದು, ಹಾಕಿಸಿ.

ಪಾರ್ವತಿ ನಗರ: 304 ಪತ್ತೆ ಮಾಡೋದು ಸುಲಭ. ಮ್ಯಾಗ್ನೆಟ್ ಇಡಿ, ಅಂಟದೇ ಇದ್ದರೆ 304. ವಿಡಿಯೋ ಬಂದಿತ್ತು, ಫಾರ್ವರ್ಡ್ ಮಾಡ್ಲಾ?

ಮೇಸ್ತ್ರಿ: ಬೇಡ. ಮ್ಯಾಗ್ನೆಟ್ 202 ಅನ್ನೋ ಅಗ್ಗದ ಸ್ಟೀಲಿಗೂ ಅಂಟಲ್ಲ. ಜಿಂಕ್, ಅಲ್ಯೂಮಿನಿಯಂ, ಹಿತ್ತಾಳೆಗೂ ಅಂಟಲ್ಲ. ಗಟ್ಟಿಯಾಗಿ ಅಂಟಿದರೆ 304 ಅಲ್ಲ ಅನ್ನಬಹುದು, ಅಂಟದೇ ಇದ್ದರೆ ಏನೂ ಹೇಳಕ್ಕಾಗಲ್ಲ.

ಬೆಂಗಳೂರು ರೋಡ್: ನಂದು ಹಾರ್ಡ್‌ವೇರ್ ಅಂಗಡಿ. ಅಂಗಡಿಯವರು ಮೋಸ ಮಾಡ್ತಾರೆ ಅಂತ ಎಲ್ಲರೂ ಬರೀತಾರೆ. ಬಂದವರು ಕೇಳೋದೇ "ಕಡಿಮೆದು ತೋರಿಸಿ" ಅಂತ. 304 ರೇಟ್ ಹೇಳಿದ ತಕ್ಷಣ ಎದ್ದು ಹೋಗ್ತಾರೆ.

ತೋರಣಗಲ್ಲು: ನಾನು ಕಡಿಮೆದು ಕೇಳಿರಲಿಲ್ಲ ಸ್ವಾಮಿ. ಹಿತ್ತಾಳೆ ಕೇಳಿದ್ದೆ.

ಬೆಂಗಳೂರು ರೋಡ್: ಬಿಲ್ ಇದೆಯಾ? ಬಿಲ್ಲಲ್ಲಿ ಹಿತ್ತಾಳೆ ಅಂತ ಬರೆದಿದ್ರೆ ತಾನೇ ಮಾತು. ಜಿಎಸ್‌ಟಿ ಬೇಡ, ಬಿಲ್ ಬೇಡ, ಆಮೇಲೆ ಅಂಗಡಿಯವನೇ ಕಳ್ಳ.

ಸಿಂಧನೂರು: ಮೇಸ್ತ್ರಿ, ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮದು ಕಬ್ಬಿಣದ ಮುಂಬಾಗಿಲು, ಚೌಕಟ್ಟೂ ಕಬ್ಬಿಣದ್ದೇ. ಹೋದ ವಾರ ನಾನೇ ಹೊಸ ಸ್ಟೀಲ್ ಹ್ಯಾಂಡಲ್, ಲಾಕ್ ಹಾಕಿದೆ. ಈಗ ಬೆಳಿಗ್ಗೆ ಹೊಸ್ತಿಲು ತೊಳೆಯುವಾಗ ಹ್ಯಾಂಡಲ್ ಮುಟ್ಟಿದರೆ ಕೈ ಜುಮ್ ಅನ್ನುತ್ತೆ ಅಂತ ಮನೆಯವಳು ಹೇಳ್ತಾಳೆ. ಪ್ಲಾಸ್ಟಿಕ್ ಹಿಡಿ ಇರೋ ಹ್ಯಾಂಡಲ್ ಯಾವುದು ಒಳ್ಳೆಯದು?

ಪಾರ್ವತಿ ನಗರ: ಬೇಸಿಗೆಯಲ್ಲಿ ಹಾಗೇ ಆಗುತ್ತೆ ಬ್ರದರ್. ಸ್ಟ್ಯಾಟಿಕ್ ಅದು. ನಮ್ಮ ಕಾರ್ ಬಾಗಿಲೂ ಹೊಡೆಯುತ್ತೆ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ಹೋಗುತ್ತೆ.

ಮೇಸ್ತ್ರಿ: ಸಿಂಧನೂರಿನವರೇ, ಹ್ಯಾಂಡಲ್ ಮಾತು ಬಿಡಿ. ಇದನ್ನು ಓದಿದ ತಕ್ಷಣ ಎದ್ದು ಹೋಗಿ ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಆಮೇಲೆ ಬಂದು ಮುಂದಿಂದು ಓದಿ.

ಸ್ಟ್ಯಾಟಿಕ್ ಅಂದ್ರೆ ಒಣ ಗಾಳಿಯಲ್ಲಿ ಮೈಗೆ ಸೇರಿಕೊಂಡಿದ್ದು ಒಂದೇ ಸಲ ಚಟ್ ಅಂತ ಹೊಡೆದು ಮುಗಿಯುತ್ತೆ. ತಕ್ಷಣ ಇನ್ನೊಮ್ಮೆ ಮುಟ್ಟಿದರೆ ಏನೂ ಇರಲ್ಲ. ನಿಮ್ಮ ಮನೆಯವರು ಹೊಸ್ತಿಲು ತೊಳೆಯುವಾಗ ಅಂತ ಹೇಳಿದ್ದಾರೆ. ಕಾಲಡಿ ನೀರು, ಕೈ ಒದ್ದೆ, ಅಲ್ಲಿ ಸ್ಟ್ಯಾಟಿಕ್ ನಿಲ್ಲುವುದೇ ಇಲ್ಲ. ಒದ್ದೆ ಇದ್ದಾಗಲೇ ಜುಮ್ ಅನ್ನೋದು ಕರೆಂಟ್ ಲೀಕ್ ಆದಾಗ. ನಾನು ಬಡಗಿ, ವೈರಿಂಗ್ ನನ್ನ ಕೆಲಸ ಅಲ್ಲ. ಆದರೆ ಹೊಸ ಹ್ಯಾಂಡಲ್ ಹಾಕಿದ ಮೇಲೆ ಶುರುವಾಗಿದೆ ಅಂದರೆ ಇಷ್ಟು ಹೇಳಿ. ಚೌಕಟ್ಟಿನ ಪಟ್ಟಿಗೆ, ಅಂದ್ರೆ ಲಾಕಿನ ನಾಲಿಗೆ ಕೂರುವ ತೂತಿನ ಪ್ಲೇಟಿಗೆ, ಎಷ್ಟು ಉದ್ದದ ಸ್ಕ್ರೂ ಹೊಡೆದಿರಿ? ಕಾಲಿಂಗ್ ಬೆಲ್ ಸ್ವಿಚ್ ಯಾವ ಕಡೆ ಇದೆ? ಬಾಗಿಲಿಗೆ ತಾಗಿ ಕೂಲರ್ ಇದೆಯಾ, ಅದರ ಪ್ಲಗ್ ಎರಡು ಪಿನ್ನಿನದಾ ಮೂರು ಪಿನ್ನಿನದಾ?

ಟೆಸ್ಟರ್ ಇಟ್ಟು ನೋಡಿದೆ, ದೀಪ ಹತ್ತಲಿಲ್ಲ ಅಂತ ಬರೆಯಬೇಡಿ. ಟೆಸ್ಟರ್ ಹತ್ತದೇ ಇದ್ದರೆ ಕರೆಂಟ್ ಇಲ್ಲ ಅಂತ ಅರ್ಥ ಅಲ್ಲ. ಪ್ಲಾಸ್ಟಿಕ್ ಹಿಡಿ ಹಾಕಿದರೆ ಹಿಡಿ ಮಾತ್ರ ಜುಮ್ ಅನ್ನಲ್ಲ, ಕದ ಇಡೀ ಹಾಗೇ ಇರುತ್ತೆ. ಮಕ್ಕಳು ಕದಕ್ಕೆ ಒರಗಿ ನಿಲ್ಲುತ್ತಾರೆ. ಎಣ್ಣೆ ಹಚ್ಚಿ ಅಂದವರು ದಯವಿಟ್ಟು ಸುಮ್ಮನಿರಿ.

ಪಾರ್ವತಿ ನಗರ: ನಾನು ಒಳ್ಳೆಯದಕ್ಕೇ ಹೇಳಿದ್ದು. ಇಷ್ಟು ಸಿಟ್ಟು ಯಾಕೆ?

ಸಿರುಗುಪ್ಪ: ಮೇಸ್ತ್ರಿ, ಮಳೆ ಬಂದರೆ ನಮ್ಮ ಬಾಗಿಲ ನಾಲಿಗೆ ಚೌಕಟ್ಟಿನ ತೂತಿಗೆ ಕೂರಲ್ಲ. ಬೇಸಿಗೆಯಲ್ಲಿ ಸರಿ. ಎರಡು ಸಲ ಲಾಕ್ ಬದಲಿಸಿದ್ವಿ. ಬೇರೆ ಕಂಪನಿದು ಹಾಕಲಾ?

ಮೇಸ್ತ್ರಿ: ಲಾಕಿನ ತಪ್ಪಲ್ಲ. ಮನೆ ಎರೆ ನೆಲದ ಮೇಲಿದೆಯಾ? ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಬಿರುಕು ಬಿಡುತ್ತೆ. ಪಾಯ ಸರಿಯಾಗಿ ಇಲ್ಲದ ಮನೆಯಲ್ಲಿ ಗೋಡೆ ಅದರ ಜೊತೆ ಅಲ್ಲಾಡುತ್ತೆ, ಚೌಕಟ್ಟು ಓರೆ ಆಗುತ್ತೆ. ಮರವೂ ಮಳೆಗಾಲದಲ್ಲಿ ಹಿಗ್ಗುತ್ತೆ. ಯಾವುದು ಅಂತ ಹೀಗೆ ನೋಡಿ. ಬಾಗಿಲು ಹಾಕಿ ಕದಕ್ಕೂ ಚೌಕಟ್ಟಿಗೂ ಮಧ್ಯದ ಸಂದು ನೋಡಿ. ಮೇಲಿಂದ ಕೆಳಗೆ ಒಂದೇ ಸಮ ಬಿಗಿ ಆಗಿದ್ದರೆ ಮರ ಹಿಗ್ಗಿದೆ. ಮೇಲೆ ಒಂದು ಮೂಲೆಯಲ್ಲಿ ಅಗಲ, ಇನ್ನೊಂದು ಮೂಲೆಯಲ್ಲಿ ಕಚ್ಚಿಕೊಂಡಿದ್ದರೆ ಚೌಕಟ್ಟು ಓರೆಯಾಗಿದೆ, ಇಲ್ಲಾ ಮೇಲಿನ ಬಿಜಾಗರಿ ಸಡಿಲ ಆಗಿದೆ. ಮೊದಲು ಬಿಜಾಗರಿ ಸ್ಕ್ರೂ ಬಿಗಿ ಮಾಡಿ. ಆಮೇಲೆ ನಾಲಿಗೆಗೆ ಸ್ವಲ್ಪ ಬಣ್ಣ ಹಚ್ಚಿ ಬಾಗಿಲು ಹಾಕಿ, ಪಟ್ಟಿ ಮೇಲೆ ಗುರುತು ಎಲ್ಲಿ ಬೀಳುತ್ತೆ ನೋಡಿ, ಆ ಕಡೆಗೆ ಪಟ್ಟಿಯ ತೂತನ್ನು ಅರದಲ್ಲಿ ತಿಕ್ಕಿ ಅಗಲ ಮಾಡಿ. ಮಳೆಗಾಲದಲ್ಲಿ ಕದ ಕೆತ್ತಬೇಡಿ, ಬೇಸಿಗೆಯಲ್ಲಿ ಬೆರಳು ಹೋಗುವಷ್ಟು ಸಂದಾಗುತ್ತೆ.

ಸಿಂಧನೂರಿನವರೇ, ಮೇನ್ ಆಫ್ ಆಯ್ತಾ?

ಕುಷ್ಟಗಿ: ಹ್ಯಾಂಡಲ್ ಸ್ಕ್ರೂ ತೂತು ದೊಡ್ಡದಾಗಿ ನಿಲ್ತಾ ಇಲ್ಲ. ಫೆವಿಕ್ವಿಕ್ ಜೊತೆ ಅಡುಗೆ ಸೋಡಾ ಹಾಕಿದರೆ ಕಲ್ಲಿನ ಥರ ಆಗುತ್ತೆ ಅಂತ ಬಂದಿದೆ, ಮಾಡಬಹುದಾ?

ಮೇಸ್ತ್ರಿ: ಬೇಡ. ಕಲ್ಲಿನ ಥರ ಆಗುತ್ತೆ, ಕಲ್ಲಿನ ಥರವೇ ಒಡೆಯುತ್ತೆ. ಸೋಡಾ ಬಿದ್ದ ಕೂಡಲೇ ಬಿಸಿ ಏಳುತ್ತೆ, ಹೊಗೆ ಕಣ್ಣಿಗೆ ಬರುತ್ತೆ. ಫೆವಿಕ್ವಿಕ್ ಹತ್ತಿ ಬಟ್ಟೆ ಮೇಲೆ ಚೆಲ್ಲಿದರೆ ಚರ್ಮ ಸುಡುತ್ತೆ. ಗಟ್ಟಿ ಮರದ ಕಡ್ಡಿಯನ್ನು ತೂತಿನ ಅಳತೆಗೆ ಕೆತ್ತಿ, ಫೆವಿಕಾಲ್ ಹಚ್ಚಿ ಬಡಿಯಿರಿ. ರಾತ್ರಿ ಪೂರ್ತಿ ಒಣಗಲಿ. ಹೊರಗೆ ಉಳಿದದ್ದನ್ನು ಉಳಿಯಿಂದ ತೆಗೆದು, ಸ್ಕ್ರೂಗಿಂತ ಸಣ್ಣ ಬಿಟ್ಟಿನಲ್ಲಿ ತೂತು ಹಾಕಿ ಆಮೇಲೆ ಸ್ಕ್ರೂ ಹೊಡೆಯಿರಿ. ತೇಗದ ಬಾಗಿಲಿಗೆ ಹಿತ್ತಾಳೆ ಸ್ಕ್ರೂ ಆದರೆ ಮೊದಲು ಅದೇ ಸೈಜಿನ ಕಬ್ಬಿಣದ ಸ್ಕ್ರೂ ಹೊಡೆದು ತೆಗೆಯಿರಿ. ಹಿತ್ತಾಳೆದು ನೇರ ಹೊಡೆದರೆ ತಲೆ ಮುರಿದು ಒಳಗೇ ಉಳಿಯುತ್ತೆ.

ಶಕ್ತಿನಗರ: ಮೇಸ್ತ್ರಿ, ಅತ್ತೆಗೆ ಬೆರಳಿನ ಗೆಣ್ಣು ನೋವು. ಬಾತ್‌ರೂಮಿನ ಗುಂಡು ಲಾಕ್ ತಿರುಗಿಸಕ್ಕೆ ಆಗ್ತಿಲ್ಲ. ಮೊನ್ನೆ ಒಳಗೆ ಲಾಕ್ ಮಾಡಿಕೊಂಡು ತೆಗೆಯಕ್ಕಾಗದೆ ಕೂಗ್ತಾ ಇದ್ದರು. ಏನು ಹಾಕಿಸಲಿ?

ಮೇಸ್ತ್ರಿ: ಗುಂಡು ಬೇಡ ಅಕ್ಕಾ. ಉದ್ದ ಹಿಡಿಯ ಲೀವರ್ ಹಾಕಿಸಿ, ಮೊಣಕೈಯಿಂದ ಒತ್ತಿದರೂ ತೆರೆಯುತ್ತೆ. ತುದಿ ಬಾಗಿಲ ಕಡೆ ಬಾಗಿರುವುದು ತೆಗೆದುಕೊಳ್ಳಿ, ಸೀರೆ ಸೆರಗು, ಬಳೆ ಸಿಕ್ಕಲ್ಲ. ಹೊರಗಿನ ತಟ್ಟೆಯಲ್ಲಿ ನಾಣ್ಯ ಇಟ್ಟು ತಿರುಗಿಸುವ ಸೀಳು ಇರಬೇಕು. ಒಳಗೆ ಲಾಕ್ ಆಗಿದ್ದರೂ ಹೊರಗಿಂದ ತೆರೆಯಬಹುದು. ಬೀಗದ ಕೈಯ ಲಾಕ್ ಬಾತ್‌ರೂಮಿಗೆ ಬೇಡವೇ ಬೇಡ. ಒಳಗೆ ಮೇಲ್ಗಡೆ ಟವರ್ ಬೋಲ್ಟ್ (ಉದ್ದ ಚಿಲಕ) ಇದ್ದರೆ ಇವತ್ತೇ ಬಿಚ್ಚಿ ಹಾಕಿ, ಅದು ಬಿದ್ದರೆ ಹೊರಗಿಂದ ಕದ ಒಡೆಯೋದೊಂದೇ ದಾರಿ. ಇನ್ನೊಂದು, ಬಾತ್‌ರೂಮ್ ತೊಳೆಯುವ ಆಸಿಡ್ ಬಳಸಿದ ಮೇಲೆ ಬಾಗಿಲು ತೆಗೆದಿಡಿ. ಆ ಹೊಗೆಗೆ ಸ್ಟೀಲೂ ತಡೆಯಲ್ಲ.

ಗಂಗಾವತಿ: ಮೇಸ್ತ್ರಿ, ಓದಿದೆ. ನಮ್ಮದು ಹತ್ತು ಇಂಚಿನ ಪ್ಲೇಟ್. ಸೈಜ್ ಹೇಳಿ.

ಮೇಸ್ತ್ರಿ: ಪ್ಲೇಟ್ ಉದ್ದ ಕೇಳಿಲ್ಲ. ಕಡ್ಡಿಯಿಂದ ಬೀಗದ ತೂತಿಗೆ ಎಷ್ಟು?

ಗಂಗಾವತಿ: ಅದು ಹೆಂಗೆ ಅಳೆಯೋದು?

ಕೌಲ್‌ಬಜಾರ್: ಸ್ಕೇಲ್ ಇಟ್ಟು.

ರಾಯಚೂರು ಗಂಜ್: ಇಷ್ಟೆಲ್ಲ ಮಾತಾಡ್ತೀರಿ, ಮುಖ್ಯವಾದ್ದು ಯಾರೂ ಹೇಳಿಲ್ಲ. ಮುಂಬಾಗಿಲಿಗೆ ಸ್ಟೀಲ್ ಹಾಕಬಾರದು. ವಾಸ್ತು ಪ್ರಕಾರ ಹಿತ್ತಾಳೆನೇ ಆಗಬೇಕು. ನಿಂಬೆಹಣ್ಣು ಉಪ್ಪಲ್ಲಿ ತಿಕ್ಕಿದ್ರೆ ಚಿನ್ನದ ಥರ ಹೊಳೆಯುತ್ತೆ.

ತೋರಣಗಲ್ಲು: ಹಿತ್ತಾಳೆ ಅಂತ ತಂದವನ ಗತಿ ಮೇಲೆ ಓದಿಲ್ವಾ?

ರಾಯಚೂರು ಗಂಜ್: ನೀವು ಮೋಸ ಹೋದರೆ ವಾಸ್ತು ತಪ್ಪಾ?

ಬೆಂಗಳೂರು ರೋಡ್: ಮತ್ತೆ ಮೋಸ ಅಂತೀರಾ. ನೋಡದೆ ತಂದಿದ್ದು ಯಾರ ತಪ್ಪು?

ತೋರಣಗಲ್ಲು: ಅಂಗಡಿಯಲ್ಲಿ ಮೊಳೆ ಹಿಡಿದು ಗೀರಿ ನೋಡ್ತೀನಿ ಅಂದ್ರೆ ನೀವು ಬಿಡ್ತೀರಾ?

ಬೆಂಗಳೂರು ರೋಡ್: ದುಡ್ಡು ಕೊಟ್ಟು ಗೀರಿ.

ಮೇಸ್ತ್ರಿ: ವಾಸ್ತು ಬಗ್ಗೆ ನನ್ನ ಕೇಳಬೇಡಿ. ಈಗಿನ ಹಿತ್ತಾಳೆ ಹ್ಯಾಂಡಲ್ ಮೇಲೆ ತೆಳು ಲ್ಯಾಕರ್ ಇರುತ್ತೆ. ನಿಂಬೆ, ಉಪ್ಪು, ಹುಣಸೆಹಣ್ಣು ಹಾಕಿ ತಿಕ್ಕಿದರೆ ಅದು ಅಲ್ಲಲ್ಲಿ ಎದ್ದು ತೇಪೆ ಹಾಕಿದ ಹಾಗೆ ಕಪ್ಪಾಗುತ್ತೆ. ಬೀಗದ ತೂತಿಗೆ ಕೊಬ್ಬರಿ ಎಣ್ಣೆ ಬಿಡುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಎಣ್ಣೆಗೆ ಧೂಳು ಸೇರಿ ಅಂಟಾಗಿ ಸಿಲಿಂಡರ್ ಕಟ್ಟಿಕೊಳ್ಳುತ್ತೆ. ಪೆನ್ಸಿಲ್ ಸೀಸದ ಪುಡಿ ಬೀಗದ ಕೈಗೆ ಹಚ್ಚಿ ನಾಲ್ಕು ಸಲ ತಿರುಗಿಸಿ, ಸಾಕು.

ಸಿಂಧನೂರಿನವರು ಎಲ್ಲಿ? ಅವರ ನಂಬರ್ ಯಾರ ಹತ್ತಿರ ಇದ್ದರೂ ಫೋನ್ ಮಾಡಿ. ಗ್ರೂಪಿನಲ್ಲಿ ನಂಬರ್ ಹಾಕಬೇಡಿ.

ಕೊಪ್ಪಳ: ಮೇಸ್ತ್ರಿ, ಸಿಲಿಂಡರ್ ಬದಲಿಸಬೇಕು. ಅಂಚಿನ ಸ್ಕ್ರೂ ತೆಗೆದೆ, ಆದರೂ ಹೊರಗೆ ಬರ್ತಿಲ್ಲ. ಸುತ್ತಿಗೆಯಿಂದ ಬಡಿಯಲಾ?

ಮೇಸ್ತ್ರಿ: ಬಡಿಯಬೇಡಿ. ಬೀಗದ ಕೈ ಹಾಕಿ ಸ್ವಲ್ಪ ತಿರುಗಿಸಿ, ಮಧ್ಯದ ಕೊಕ್ಕೆ ಸಿಲಿಂಡರಿನ ಮೈಗೆ ಸಮ ಬರಬೇಕು. ನಿಧಾನವಾಗಿ ತಿರುಗಿಸುತ್ತಾ ಎಳೆಯಿರಿ, ಒಂದು ಕಡೆ ಸಲೀಸಾಗಿ ಬರುತ್ತೆ. ಹೊಸದನ್ನು ಹಳೇದರ ಉದ್ದಕ್ಕೇ ತನ್ನಿ. ಹೊರಗಡೆ ಪ್ಲೇಟಿನಿಂದ ಮೂರು ಮಿ.ಮೀ. ಗಿಂತ ಜಾಸ್ತಿ ಚಾಚಿದರೆ ಕಳ್ಳನಿಗೆ ಇಕ್ಕಳ ಹಿಡಿಯಲು ಜಾಗ ಕೊಟ್ಟ ಹಾಗೆ.

ಸಿಂಧನೂರು: ಕ್ಷಮಿಸಿ ಮೇಸ್ತ್ರಿ, ಮೇನ್ ಆಫ್ ಮಾಡಿದ್ವಿ, ವೈಫೈ ಹೋಯ್ತು. ಹೊರಗೆ ಬಂದು ನೋಡ್ತಾ ಇದ್ದೀನಿ. ಮುಟ್ಟಿದರೆ ಈಗ ಏನೂ ಇಲ್ಲ. ಲಾಕಿನ ಜೊತೆ ಬಂದ ಸ್ಕ್ರೂ ಗಿಡ್ಡ ಅನಿಸಿತು, ಪಟ್ಟಿ ಗಟ್ಟಿಯಾಗಿ ಕೂರಲಿ ಅಂತ ಎರಡು ಇಂಚಿನದು ಹೊಡೆದಿದ್ದೆ. ಬೆಲ್ ಸ್ವಿಚ್ ಆ ಕಡೆಯೇ ಇದೆ, ಪಟ್ಟಿಯಿಂದ ಒಂದು ಗೇಣು. ಕೂಲರ್ ಇಲ್ಲ. ಆ ಸ್ಕ್ರೂ ಬಿಚ್ಚಿಬಿಡಲಾ?

ಮೇಸ್ತ್ರಿ: ಬಿಚ್ಚಬೇಡಿ. ನನ್ನ ಅನುಮಾನ, ಸ್ಕ್ರೂ ಚೌಕಟ್ಟು ದಾಟಿ ಗೋಡೆಯಲ್ಲಿ ಬೆಲ್ಲಿಗೆ ಹೋಗುವ ಪೈಪ್ ಒಳಗೆ ಹೋಗಿದೆ. ವೈರಿನ ಸಿಪ್ಪೆ ಕಿತ್ತಿರುತ್ತೆ. ಈಗ ಬಿಚ್ಚಿದರೆ ಜುಮ್ ಅನ್ನೋದು ನಿಲ್ಲಬಹುದು, ಆದರೆ ಗಾಯ ಆದ ವೈರ್ ಒಳಗೇ ಉಳಿಯುತ್ತೆ, ಯಾವತ್ತೋ ಗೋಡೆ ತೇವ ಆದಾಗ ಮತ್ತೆ ಶುರು. ಮೇನ್ ಹಾಗೇ ಆಫ್ ಇರಲಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಅವರ ಎದುರಿಗೇ ಸ್ಕ್ರೂ ಬಿಚ್ಚಿ, ಆ ಪೈಪಿನ ವೈರ್ ಪೂರ್ತಿ ಎಳೆದು ಹೊಸದು ಹಾಕಿಸಿ. ಟೇಪ್ ಸುತ್ತುತ್ತೇನೆ ಅಂದರೆ ಒಪ್ಪಬೇಡಿ. ಮನೆಯ ಅರ್ಥಿಂಗ್ ಚೆಕ್ ಮಾಡಿಸಿ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ತಾನೇ ಬೀಳುವ ಸ್ವಿಚ್) ಇದೆಯಾ ಕೇಳಿ. ಎಂಸಿಬಿ (ಲೋಡ್ ಜಾಸ್ತಿ ಆದರೆ, ಶಾರ್ಟ್ ಆದರೆ ಬೀಳುವ ಸ್ವಿಚ್) ಇದೆಯಲ್ಲ ಅಂತ ಸುಮ್ಮನಾಗಬೇಡಿ, ಇಷ್ಟು ಸಣ್ಣ ಲೀಕಿಗೆ ಅದು ಬೀಳಲ್ಲ. ಮೇನ್ ಆಫ್ ಇದ್ದಾಗಲೂ ಜುಮ್ ಅಂದರೆ ಅದು ಬೇರೆ ಕಥೆ, ಬಾಗಿಲು ಮುಟ್ಟದೆ ಕರೆಂಟ್ ಕಂಪನಿ ಜೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಕಬ್ಬಿಣದ ಚೌಕಟ್ಟಿಗೆ ಲಾಕಿನ ಜೊತೆ ಬಂದ ಗಿಡ್ಡ ಸ್ಕ್ರೂನೇ ಸರಿ. ಹಿಡಿಯಲ್ಲ ಅಂದ್ರೆ ತೂತಿಗೆ ಟ್ಯಾಪ್ ಹೊಡೆದು (ಒಳಗೆ ಸ್ಕ್ರೂ ಗೆರೆ ಕೊರೆದು) ಮಿಷನ್ ಸ್ಕ್ರೂ ಹಾಕಬೇಕು. ಉದ್ದ ಹಾಕೋದಲ್ಲ.

ಸಿಂಧನೂರು: ಎಲೆಕ್ಟ್ರಿಷಿಯನ್ ಸಂಜೆ ಬರ್ತಾರಂತೆ. ಅಲ್ಲಿವರೆಗೂ ಫ್ಯಾನ್ ಇಲ್ಲ, ಮನೆಯವರೆಲ್ಲ ನನ್ನನ್ನೇ ನೋಡ್ತಾ ಇದ್ದಾರೆ.

ಮೇಸ್ತ್ರಿ: ನೋಡಲಿ ಬಿಡಿ. ಅವರು ಬಂದು ಏನು ಹೇಳಿದರು ಅಂತ ಇಲ್ಲೇ ಬರೆಯಿರಿ.

ಪಾರ್ವತಿ ನಗರ: ಸ್ಕ್ರೂ ವಿಷಯ ಮೊದಲೇ ಹೇಳಿದ್ರೆ ನಾನು ಸ್ಟ್ಯಾಟಿಕ್ ಅಂತಿದ್ನಾ? ಎಲ್ಲರ ಮುಂದೆ ಬೈಸಿಕೊಂಡೆ.

ಮಾನ್ವಿ: ಮೇಸ್ತ್ರಿ, ಬೆರಳಚ್ಚಿನ ಡಿಜಿಟಲ್ ಲಾಕ್ ಬೇವಿನ ಬಾಗಿಲಿಗೆ ಹಾಕಿಸಬಹುದಾ? ಬಿಸಿಲು ನೇರ ಬೀಳುತ್ತೆ.

ರಾಯಚೂರು ಗಂಜ್: ವಾಸ್ತು ಅಂದ ತಕ್ಷಣ ಎಲ್ಲರಿಗೂ ತಮಾಷೆ. ನಾನು ಗ್ರೂಪ್ ಬಿಡ್ತೀನಿ.

ಬೆಂಗಳೂರು ರೋಡ್: ಹೋಗುವಾಗ ಬಾಗಿಲು ಹಾಕ್ಕೊಂಡು ಹೋಗಿ.

ಗಂಗಾವತಿ: ಮೇಸ್ತ್ರಿ, ಅಳೆದೆ. 72 ಬಂತು.

ಮೇಸ್ತ್ರಿ: ಹಾಗಾದರೆ 85ರದ್ದು ಕೂರಲ್ಲ. 72ರ ಪ್ಲೇಟ್ ಕೇಳಿ. ಸಿಗದಿದ್ದರೆ ಗುಂಡು ತಟ್ಟೆಯದು ತನ್ನಿ. ಊಟಕ್ಕೆ ಹೋಗ್ತೀನಿ.

ಗಂಗಾವತಿ: ರೇಟ್ ಎಷ್ಟಾಗುತ್ತೆ?